ಮೃದುಲಾಗೆ ಮಂಗಲ ಹಾಡಿದವರು

ನಮ್ಮ ವೈನಿ, ಅಂದರೆ ನಮ್ಮಣ್ಣನ ಹೆಂಡತಿ ರಾಜೇಶ್ವರಿ, ಕಾದಂಬರಿ ಬರೆಯುತ್ತಾರೆ ಅಂದರೆ ಬೈಲಹೊಂಗಲದ ಜನ ಮೊದಲು ಕೇಳುತ್ತಿದ್ದದ್ದು, "ಮತ್ತ ಮನಿಗೆಲಸ ಯಾರ ಮಾಡ್ತಾರ್ರಿ?" ಅಂತ. ನಾನು ಮಾಡುತ್ತಿದ್ದೆ, ಇನ್ಯಾರು? ನಾನು ಸುಂದರವ್ವ, ಅವರ ನಾದಿನಿ. ಗಂಡ ತೀರಿಹೋದ ಮೇಲೆ ತವರಿಗೆ ಬಂದವಳು, ಅಣ್ಣ ದುಂಡಪ್ಪನ ಮನೆಯಲ್ಲಿ ರೊಟ್ಟಿ ಬಡಿದುಕೊಂಡು ಇದ್ದವಳು. ನನ್ನ ಓದು ಏಳನೆಯ ಇಯತ್ತೆಗೆ ನಿಂತಿತ್ತು, ಪುಸ್ತಕ ಅಂದರೆ ಅಷ್ಟಕ್ಕಷ್ಟೆ. ಆದರೂ ವೈನಿಯ ಜೊತೆ ಊರೂರು ಬಸ್ಸು ಹತ್ತಿ ಇಳಿದವಳು ನಾನೇ. ಮನೆತನದ ಸೊಸೆ ಒಬ್ಬಳೇ ಕೈಚೀಲ ಹಿಡಿದು ಹೊರಟರೆ ನಮ್ಮವ್ವ ಸುಮ್ಮನಿರುತ್ತಿದ್ದಳೇ? ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ. ಬೇರೆಯವರು ಹೇಳಿದರೆ ಅವರನ್ನು ದೇವತೆ ಮಾಡಿಬಿಡುತ್ತಾರೆ. ದೇವತೆಯೂ ಅಲ್ಲ ಏನೂ ಅಲ್ಲ, ಶುದ್ಧ ಹಟಮಾರಿ.

ವೈನಿ ಬರೆಯುತ್ತಿದ್ದದ್ದು ದೊಡ್ಡವರಿಗಲ್ಲ, ಹೈಸ್ಕೂಲಿಗೆ ಹೋಗುವ ಹುಡುಗಿಯರಿಗೆ. "ಸಣ್ಣವರಿಗೆ ರಾಜಾ ರಾಣಿ ಕಥಿ ಅದಾವು, ಲಗ್ನಾದವರಿಗೆ ವಾರಪತ್ರಿಕಿ ಧಾರಾವಾಹಿ ಅದಾವು. ನಡುವಿನ ಹುಡುಗ್ಯಾರಿಗೆ ಏನೈತಿ ಹೇಳ ಸುಂದ್ರವ್ವಾ? ಬರೇ ಬೈಗುಳ ಐತಿ" ಅನ್ನುತ್ತಿದ್ದರು. ಅದು ಖರೆ. ನನಗೂ ಆ ವಯಸ್ಸಿನಲ್ಲಿ ಸಿಕ್ಕಿದ್ದು ಅದೇ.

ತೊಂಬತ್ತೆಂಟರಲ್ಲಿ ಹುಬ್ಬಳ್ಳಿಯ ಒಬ್ಬ ಪ್ರಕಾಶಕರು ಅವರ ಪುಸ್ತಕ ಅಚ್ಚು ಹಾಕಿದರು. ಹೆಸರು 'ಅರ್ಧ ಹೆಣೆದ ಜಡೆ'. ಮೃದುಲಾ ಅಂತ ಒಬ್ಬ ಹುಡುಗಿ, ಹತ್ತನೆಯ ಇಯತ್ತೆ, ಜಾಣೆ. ಅವಳಿಗೆ ಹೊಟ್ಟೆಯ ಬಲಮಗ್ಗುಲಲ್ಲಿ ನೋವು ಶುರುವಾಗುತ್ತದೆ. ಯಾರಿಗೂ ಹೇಳುವುದಿಲ್ಲ. ಯಾಕೆ ಅಂದರೆ, ನಮ್ಮ ಕಡೆ ಲಗ್ನವಾಗದ ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂತರೆ ಓಣಿಯ ಹೆಂಗಸರು ನೋವು ಎಲ್ಲಿದೆ ಅಂತ ಕೇಳುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ನೋಟಕ್ಕೆ ಹೆದರಿ, ಮೇಲೆ ಪರೀಕ್ಷೆ ತಪ್ಪಿಸುತ್ತಾರೆ ಅಂತ ಹೆದರಿ, ಹುಡುಗಿ ಹಲ್ಲು ಕಚ್ಚಿ ಸಾಲಿಗೆ ಹೋಗುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಸಾಯುತ್ತಾಳೆ. ಬಾಯಿಬಿಟ್ಟು ಹೇಳಿದ್ದರೆ ಬದುಕುತ್ತಿದ್ದಳು ಅನ್ನುವ ಒಂದು ಮಾತಿಗಾಗಿ ವೈನಿ ಇಡೀ ಪುಸ್ತಕ ಬರೆದಿದ್ದರು.

ಪುಸ್ತಕವೇನೋ ಬಂತು, ಓದುವವರು ಬೇಕಲ್ಲ? ವೈನಿ ಮೊದಲು ಸಾಲಿಗಳಿಗೆ ಹೋದರು. ಒಬ್ಬ ಹೆಡ್‌ಮಾಸ್ತರು, "ಎಸ್ಸೆಸ್ಸೆಲ್ಸಿ ಹುಡುಗ್ಯಾರಿಗೆ ಕಥಿ ಕೊಟ್ಟು ಕೆಡಸಬ್ಯಾಡ್ರಿ ತಾಯಿ" ಅಂದರು. ಇನ್ನೊಬ್ಬರು ಪುಸ್ತಕ ತೆಗೆದುಕೊಂಡು ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದರು, ನಮ್ಮ ಕಣ್ಣೆದುರೇ. ಆಗ ವೈನಿಗೆ ಹೊಳೆದದ್ದು ಅಕ್ಕನ ಬಳಗ. ವಾರಕ್ಕೊಮ್ಮೆ ಮಠದಲ್ಲೋ ಯಾರದಾದರೂ ಪಡಸಾಲೆಯಲ್ಲೋ ಹೆಂಗಸರು ಸೇರಿ ವಚನ ಹೇಳುತ್ತಾರೆ, ಪುರಾಣ ಓದುತ್ತಾರೆ. ತಾಯಂದಿರ ಬೆನ್ನಿಗೆ ಹೆಣ್ಣುಮಕ್ಕಳೂ ಬರುತ್ತಾರೆ. ಒಬ್ಬರು ಓದುವುದು, ಉಳಿದವರು ಬತ್ತಿ ಹೊಸೆಯುತ್ತಾ ಕೇಳುವುದು. ಒಂದು ಬಳಗಕ್ಕೆ ಒಂದೇ ಪುಸ್ತಕ ಸಾಕು. ರಾಮದುರ್ಗ, ಸವದತ್ತಿ, ಮುನವಳ್ಳಿ, ಮುರಗೋಡ, ಕಿತ್ತೂರು, ಹೀಗೆ ಪರಿಚಯ ಇದ್ದಲ್ಲೆಲ್ಲ ಒಂದೊಂದು ಪ್ರತಿ ಕಳಿಸಿಕೊಟ್ಟರು.

ಮರುವರ್ಷ ರಾಮದುರ್ಗದ ಬಳಗದವರು ವೈನಿಯನ್ನು ಕರೆದರು. ವೈನಿ ಎರಡು ದಿನ ಮೊದಲೇ ಸೀರೆ ಇಸ್ತ್ರಿ ಮಾಡಿ ಇಟ್ಟುಕೊಂಡರು. ಅಷ್ಟು ಸಂತೋಷ. ಹೋದ ಕೂಡಲೇ ಕಾಲಿಗೆ ನೀರು ಕೊಟ್ಟರು, ಉಡಿ ತುಂಬಿದರು, ಹುಡುಗಿಯರು ಬಂದು ಮುಟ್ಟಿ ಮುಟ್ಟಿ ನೋಡಿದರು. ಬಳಗದಲ್ಲಿ ಓದುವವಳು ಶಟ್ಟೆವ್ವ ಅಂತ ಒಬ್ಬ ಮುದುಕಿ. ನಲವತ್ತು ಶ್ರಾವಣ ಪುರಾಣ ಓದಿದ ಗಂಟಲು, ಮಾತಾಡಿದರೆ ಮಠದ ಮಾಡಿನ ಪಾರಿವಾಳ ಹಾರಬೇಕು.

"ಬರ್ರಿ ಅಕ್ಕಾರ, ಕುಂತ್ರಿ" ಅಂದಳು ಶಟ್ಟೆವ್ವ. "ನಮ್ಮ ಮುದ್ದುಲಾ ಹುಟ್ಟಿದ ಅಧ್ಯಾಯಕ್ಕ ತೊಟ್ಟಿಲಾ ಕಟ್ಟಿ ಜೋಗುಳಾ ಹಾಡಿ ಗುಗ್ಗರಿ ಹಂಚಿದ್ವಿರಿ. ಇನ್ನ ಆಕಿ ಲಗ್ನದ ದಿನಾ ಅಂತೂ ಕೇಳಬ್ಯಾಡ್ರಿ, ಭಾಳ ಚಂದ ಆತು!"

ವೈನಿ ನಕ್ಕರು. ಆಮೇಲೆ ನಗು ನಿಂತಿತು. "ಯಾರ ಲಗ್ನ?"

"ಮುದ್ದುಲಾಂದು! ಕಂಪೌಂಡರನ ಮಗನ ಜೋಡಿ. ಇಲಕಲ್ ಸೀರಿ ಉಟ್ಟ ಅಕ್ಷತಾ ಹಾಕಸಿಕೊಂಡ್ಲಲ್ಲಾ" ಅಂದಳು ಮಗ್ಗುಲಲ್ಲಿ ಕೂತವಳು.

ಆ ಪುಸ್ತಕದಲ್ಲಿ ಕಂಪೌಂಡರೂ ಇಲ್ಲ, ಅವನ ಮಗನೂ ಇಲ್ಲ. ಶಟ್ಟೆವ್ವ ತಾನೇ ಒಪ್ಪಿಕೊಂಡಳು, ನಾಚಿಕೆಯಿಂದಲ್ಲ, ಜಂಬದಿಂದ. "ಕಡೀ ಅಧ್ಯಾಯ ನಾ ಮನಿಯಾಗ ಮೊದಲ ಓದಿ ನೋಡಿದ್ದೆ. ನೋಡಿದ್ರ ಸಾವು! ಯವ್ವಾ, ಕನ್ಯಾ ಸಾಯೂ ಪ್ರಸಂಗ ಮಠದಾಗ ಹೆಂಗ ಓದೂದ್ರಿ? ಬಸರ ಹೆಣ್ಣಮಕ್ಕಳ ಕುಂತಿರ್ತಾರ, ಲಗ್ನ ಗೊತ್ತಾದ ಹುಡುಗ್ಯಾರ ಇರ್ತಾರ. ಪುರಾಣ ಅಂದ ಮ್ಯಾಲ ಮಂಗಲ ಆಗಬೇಕೋ ಬ್ಯಾಡೋ? ನಾನ ಬಾಯಿಲೆ ಲಗ್ನಾ ಮಾಡಿ ಮಂಗಲಾ ಹಾಡಿದೆ. ಕೆಟ್ಟದ್ದ ಯಾರ ಕಣ್ಣಿಗೂ ಬೀಳಬಾರದು ಅಂತ, ನೋಡ್ರಿ..."

ಪುಸ್ತಕ ತೆಗೆದು ತೋರಿಸಿದಳು. ಕೊನೆಯ ಅಧ್ಯಾಯದ ಹಾಳೆಗಳನ್ನು ಒಟ್ಟಿಗೆ ಹಿಡಿದು, ಕೆಂಪು ದಾರದಲ್ಲಿ ಕೌದಿ ಹೊಲಿದ ಹಾಗೆ ಸುತ್ತಲೂ ಹೊಲಿದಿದ್ದಳು. ಹೊಲಿಗೆ ಏನು ನೀಟು ಅಂತೀರಿ!

ಸುಳ್ಳು ಯಾಕೆ ಹೇಳಲಿ, ನನಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ. ತಿರುಗಿ ನೋಡಿದರೆ ವೈನಿ ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದಾರೆ. "ಯಾರೂ ಓದಿಲ್ಲ ಸುಂದ್ರವ್ವಾ. ನಾ ಬರದದ್ದು ಯಾರೂ ಓದಿಲ್ಲ" ಅಂದರು. ನನಗೆ ಅರ್ಥವಾಗಲಿಲ್ಲ. ಅಷ್ಟು ಜನ ಹೊಗಳಿದರಲ್ಲ, ಉಡಿ ತುಂಬಿದರಲ್ಲ, ಇನ್ನೇನು ಬೇಕು ಅನಿಸಿತು.

ಶಟ್ಟೆವ್ವ ರಾಮದುರ್ಗದಲ್ಲೇ ಇದ್ದಿದ್ದರೆ ಬೇರೆ ಮಾತು. ಅವಳ ಹೆಣ್ಣುಮಕ್ಕಳನ್ನು ಸವದತ್ತಿಗೆ, ಮುನವಳ್ಳಿಗೆ, ಕಿತ್ತೂರಿಗೆ ಕೊಟ್ಟಿತ್ತು. ಮಗಳ ಬಾಣಂತನಕ್ಕೆ ಹೋದಲ್ಲಿ, ಮೊಮ್ಮಗನ ಜವಳಕ್ಕೆ ಹೋದಲ್ಲಿ, ಅಲ್ಲಿಯ ಬಳಗದಲ್ಲೂ ಇವಳದೇ ಓದು. ಹೋದಲ್ಲೆಲ್ಲ ಮೃದುಲಾಗೆ ಲಗ್ನ ಮಾಡಿ ಬಂದಳು, ಪುಸ್ತಕಕ್ಕೆ ಹೊಲಿಗೆ ಹಾಕಿ ಬಂದಳು. ನಾವು ಸವದತ್ತಿಗೆ ಹೋದಾಗ ಮೃದುಲಾಳ ಗಂಡನಿಗೆ ನೀರಾವರಿ ಆಫೀಸಿನಲ್ಲಿ ನೌಕರಿ ಸಿಕ್ಕಿತ್ತು. ಕಿತ್ತೂರಿಗೆ ಹೋಗುವಷ್ಟರಲ್ಲಿ ಅವಳಿ ಮಕ್ಕಳಾಗಿದ್ದವು. ದೇಗಾಂವದಿಂದ ಬಂದಿದ್ದ ಒಬ್ಬಾಕೆ ವೈನಿಯ ಕೈ ಹಿಡಿದು, "ಮಕ್ಕಳ ಹೆಸರ ಏನ ಇಟ್ರಿ?" ಅಂತ ಕೇಳಿದಳು. ವೈನಿ ಕೈ ಬಿಡಿಸಿಕೊಳ್ಳಲು ನೋಡಿದರು. ಕೊನೆಗೆ ನಾನೇ ಏನೋ ಎರಡು ಹೆಸರು ಹೇಳಿ ಬಿಡಿಸಿಕೊಂಡು ಬಂದೆ.

ಹೆಸರು ಬೆಳೆದಷ್ಟೂ ವೈನಿ ಸೊರಗಿದರು. ಊಟ ಸೇರದು, ನಿದ್ದೆ ಬಾರದು. ಅಣ್ಣ, "ಮಂದಿ ಮೆಚ್ಚಿದ್ರೂ ಅಳ್ತಾಳಲ್ಲೋ ಇಕಿ!" ಅಂತ ಗೊಣಗಿದ. ನಾನೂ ಒಂದು ದಿನ ತಾಳ್ಮೆಗೆಟ್ಟು ಅಂದೆ, "ವೈನಿ, ಮಂದಿಗೆ ಏನ ಬೇಕೋ ಅದನ್ನ ಕೊಟ್ಟಬಿಡ್ರಿ. ನಿಮ್ಮ ಗಂಟೇನ ಹೋಗತೈತಿ? ಮುಂದಿನ ಅಚ್ಚಿನಾಗ ಒಂದ ಲಗ್ನಾ ಮಾಡಿ ಒಗೀರಿ." ಅವರು ಎಂದೂ ನನಗೆ ಗಟ್ಟಿ ದನಿ ಮಾಡಿದವರಲ್ಲ. ಅವತ್ತು ಕೈಯಲ್ಲಿದ್ದ ಲಟ್ಟಣಿಗೆಯನ್ನು ನೆಲಕ್ಕೆ ಕುಕ್ಕಿ ಎದ್ದುಹೋದರು.

ಮುರಗೋಡದಲ್ಲಿ ಹಟ ಹಿಡಿದರು. ತಾವೇ ಓದುತ್ತೇನೆ, ಕೊನೆಯ ಅಧ್ಯಾಯವನ್ನೇ ಓದುತ್ತೇನೆ ಅಂತ ಎದ್ದು ನಿಂತರು. ನಾಲ್ಕು ಸಾಲು ಓದಿರಬೇಕು. ಒಬ್ಬ ತಾಯಿ ಮಗಳ ಎರಡೂ ಕಿವಿ ಮುಚ್ಚಿದಳು. ಇನ್ನೊಬ್ಬಳು, "ಮಕ್ಕಳನ್ನ ಹೆದರಸಾಕ ಬಂದೀರೇನ್ರಿ?" ಅಂತ ಎದ್ದಳು. ಅಷ್ಟರಲ್ಲಿ ಯಾರೋ ಆರತಿ ಹಚ್ಚಿದರು. ಆರತಿ ಹಚ್ಚಿದ ಮೇಲೆ ಎಲ್ಲರೂ ಹಾಡಲೇಬೇಕು. ಮೂವತ್ತು ಹೆಂಗಸರು ಚಪ್ಪಾಳೆ ತಟ್ಟಿ ಮಂಗಳಾರತಿ ಹಾಡುತ್ತಿದ್ದರೆ ನಡುವೆ ನಮ್ಮ ವೈನಿ ಪುಸ್ತಕ ಹಿಡಿದು ತುಟಿ ಅಲುಗಿಸುತ್ತಿದ್ದಾರೆ, ಒಂದು ಅಕ್ಷರ ಕೇಳಿಸುತ್ತಿಲ್ಲ. ಆ ಹೊತ್ತು ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಕೂತು ಕೇಳಿದ್ದರೆ ಆ ಹೆಂಗಸರ ಗಂಟೇನು ಹೋಗುತ್ತಿತ್ತು?

ಎರಡು ಸಾವಿರದ ಒಂದನೇ ಇಸವಿ, ಮಾರ್ಚ್ ತಿಂಗಳು. ಮುನವಳ್ಳಿಯ ಬಳಗದವರು ಕರೆದಿದ್ದರು. ನಾನು ಬೇಡ ಅಂದೆ, ವೈನಿ ಕೇಳಲಿಲ್ಲ.

ಅಲ್ಲಿ ಶಟ್ಟೆವ್ವ ಇಲ್ಲದ ದಿನ ಓದುತ್ತಿದ್ದವಳು ಭಾಗೀರಥಿ ಅನ್ನುವ ಹುಡುಗಿ. ಹತ್ತನೆಯ ಇಯತ್ತೆ. ಆ ಗುರುವಾರವೇ ಪರೀಕ್ಷೆ ಶುರು. ಬಂದ ಅತಿಥಿಗೆ ಮರ್ಯಾದೆ ಅಂತ ಅವಳಿಂದ ಆರನೆಯ ಅಧ್ಯಾಯ ಓದಿಸಿದರು. ಮೃದುಲಾ ನೋವು ತಡೆಯಲು ನಡುವಿಗೆ ಓಢಣಿ ಬಿಗಿದುಕೊಂಡು ಸಾಲಿಗೆ ಹೋಗುವ ಭಾಗ. ಚಂದ ಓದಿದಳು ಹುಡುಗಿ. ಆದರೆ ಓದುವವರು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಇವಳು ಬಲಗಾಲು ಮಡಚಿ ಎದೆಗೆ ಆನಿಸಿಕೊಂಡಿದ್ದಳು. ಬಿಸಿಲಿಗೋ ಏನೋ, ಮೇಲ್ದುಟಿಯ ಮೇಲೆ ಬೆವರು. ಪುಟ ತಿರುವುವಾಗೊಮ್ಮೆ ಕಣ್ಣು ಮುಚ್ಚಿದಳು. ವೈನಿ ನನ್ನ ಮೊಣಕೈ ಹಿಡಿದರು. ಎಷ್ಟು ಬಿಗಿಯಾಗಿ ಅಂದರೆ ಅವರ ಉಗುರು ನನ್ನ ಚರ್ಮಕ್ಕೆ ಇಳಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಭಾಗೀರಥಿಯೇ ಚಹಾ ತಂದಳು. ಸುತ್ತ ಯಾರೂ ಇಲ್ಲದ್ದು ನೋಡಿ ಬಗ್ಗಿ ಕೇಳಿದಳು, "ಅಕ್ಕಾರ, ಒಂದ ಮಾತ ಕೇಳ್ಲೇನ್ರಿ? ಮೃದುಲಾನ ಹೊಟ್ಟಿಬ್ಯಾನಿ ಎಷ್ಟ ದಿನಕ್ಕ ತಾನ ಕಡಿಮಿ ಆತ್ರಿ? ಶಟ್ಟೆವ್ವಾಯಿ ಒಮ್ಮೆಲೆ ಲಗ್ನಕ್ಕ ಹೋಗಿಬಿಟ್ರು. ನಡಕಿಂದ ಹೇಳಲಿಲ್ಲ."

ವೈನಿ ಚಹಾದ ಬಸಿ ಕೆಳಗಿಟ್ಟರು. "ಕಡಿಮಿ ಆಗಲಿಲ್ಲ ತಂಗಿ. ಆಕಿ ಸತ್ಲು."

"ಚಾಷ್ಟಿ ಮಾಡಬ್ಯಾಡ್ರಿ!" ಹುಡುಗಿ ನಕ್ಕಳು.

"ಚಾಷ್ಟಿ ಅಲ್ಲ. ಹೊಲದದ್ದನ್ನ ಬಿಚ್ಚಿ ನೋಡ."

"ಮಂಗಲಾ ಹಾಡಿದ್ದನ್ನ ಬಿಚ್ಚಿದ್ರ ಮನಿತನಕ್ಕ ಕೆಟ್ಟ ಆಗತೈತಂತ್ರಿ" ಅಂದಳು. ನಗು ಹೋಗಿತ್ತು. ವೈನಿ ಅವಳ ರಟ್ಟೆ ಹಿಡಿದು, "ನಿನಗ ಎಲ್ಲಿ ನೋಯಾಕತ್ತೈತಿ? ಯಾವತ್ತಿಂದ?" ಅಂದರು. ಹುಡುಗಿ ಕೈ ಕೊಸರಿಕೊಂಡು ಓಡಿದಳು. ಓಡುವಾಗ ಸೊಟ್ಟಗೆ ಬಗ್ಗಿದ್ದಳು. ಅದನ್ನು ನಾನು ನನ್ನ ಕಣ್ಣಾರೆ ಕಂಡೆ.

ಅವರ ಮನೆ ಮಠದ ಹಿಂದಿನ ಓಣಿಯಲ್ಲಿ. ನಾವು ಹೋಗುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ತಾಯಿ ಇಂದ್ರವ್ವ ಜೋಳ ಹಸನು ಮಾಡುತ್ತಾ ಕೂತಿದ್ದಳು. ಆದರದಿಂದಲೇ ಚಾಪೆ ಹಾಸಿದಳು. ವೈನಿ ನೇರವಾಗಿ ಹೇಳಿಬಿಟ್ಟರು: ನಿಮ್ಮ ಮಗಳಿಗೆ ಹೊಟ್ಟೆನೋವಿದೆ, ಮುಚ್ಚಿಡುತ್ತಿದ್ದಾಳೆ, ಈಗಲೇ ದವಾಖಾನೆಗೆ ಒಯ್ಯಿರಿ.

ಇಂದ್ರವ್ವನ ಮುಖ ಕಪ್ಪಿಟ್ಟಿತು. ಮೊದಲು ಬಾಗಿಲ ಕಡೆ ನೋಡಿದಳು, ಓಣಿಯಲ್ಲಿ ಯಾರು ಕೇಳಿಸಿಕೊಂಡರು ಅಂತ. "ಭಾಗೀ! ಹೊರಗ ಬಾ. ಈ ಅಕ್ಕಾರ ಏನ ಹೇಳಾಕತ್ತಾರ?"

ಭಾಗೀರಥಿ ಕಂಬ ಹಿಡಿದು ನಿಂತಳು. ಆಶ್ಚರ್ಯ ಅಂದರೆ ಈಗ ನೆಟ್ಟಗೆ ನಿಂತಿದ್ದಳು. "ಇಲ್ಲಬೇ. ನನಗೇನೂ ನೋಯಾಕತ್ತಿಲ್ಲ. ನಿನ್ನ ಆಣಿ" ಅಂದಳು. ಸುಳ್ಳು ಹೇಳುವವರ ಮುಖವಲ್ಲ ಅದು. ನನಗೂ ಸಂಶಯ ಬಂತು, ವೈನಿಗೆ ಬುದ್ಧಿ ಕೆಟ್ಟಿತೋ ಏನೋ ಅಂತ.

ಇಂದ್ರವ್ವ ಎದ್ದು ನಿಂತಳು. "ಕೇಳಿದ್ರಿಲ್ಲೋ? ಕೈ ಮುಗೀತೇನಿ, ಎದ್ದ ಹೋಗ್ರಿ. ಲಗ್ನಕ್ಕ ಬಂದ ಹುಡುಗಿ ಐತಿ. ಹೊಟ್ಟಿಬ್ಯಾನಿ ಹೊಟ್ಟಿಬ್ಯಾನಿ ಅಂತ ಓಣ್ಯಾಗ ಡಂಗುರಾ ಸಾರಿದ್ರ ನಾಳೆ ಆಕಿನ್ನ ಯಾರ ಮಾಡಿಕೊಳ್ಳಾವ್ರ? ನೀವು ಮಾಡಿಕೊಳ್ಳಾವ್ರೇನು? ಪುಸ್ತಕದಾಗ ಒಬ್ಬಾಕಿನ್ನ ಕೊಂದೀರಂತ, ಭಾಗೀ ಈಗ ಬಂದ ಹೇಳಿದ್ಲು. ಅದ ಸಾಲದೇನ ನಿಮಗ?"

ಕದ ಹಾಕಿಕೊಂಡಳು. ಅಗಳಿ ಬಿದ್ದ ಸಪ್ಪಳ ಕೇಳಿಸಿತು.

ನಾನು ವೈನಿಯನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ನನಗೆ ಸಿಟ್ಟು ಬಂದಿತ್ತು, ಅವಮಾನವಾಗಿತ್ತು. ಬಾಯಿಗೆ ಬಂದಂತೆ ಅಂದೆ: "ತಾಯಿನ ಇಲ್ಲ ಅಂತಾಳ, ಹುಡುಗಿನ ಇಲ್ಲ ಅಂತಾಳ. ಊರ ಉಸಾಬರಿ ನಿಮಗ್ಯಾಕ್ರಿ? ನಿಮ್ಮ ಕಥಿ ಖರೆ ಮಾಡಾಕ ಒಂದ ಹುಡುಗಿಗೆ ಬ್ಯಾನಿ ಹಚ್ಚತೀರೇನು?" ಬೈಲಹೊಂಗಲದ ಬಸ್ಸು ಬಂದು ನಿಂತಿತು. ವೈನಿ ಹತ್ತಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ನೆಲ ನೋಡುತ್ತಾ ಹೇಳಿದರು:

"ಅದು ಕಥಿ ಅಲ್ಲ ಸುಂದ್ರವ್ವಾ. ಅದು ನಮ್ಮ ಅನ್ನಪೂರ್ಣಾ."

ಅನ್ನಪೂರ್ಣಾ ವೈನಿಯ ತಂಗಿ. ವೈನಿಯ ಲಗ್ನಕ್ಕೆ ಮೊದಲೇ ತೀರಿದವಳು, ಜ್ವರ ಬಂದು ಹೋದಳು ಅಂತ ನಮಗೆಲ್ಲ ಹೇಳಿದ್ದರು. ಜ್ವರವಲ್ಲ. ಹೊಟ್ಟೆ ಅಂದರೆ ಜನ ಏನಾದರೂ ಅಂದುಕೊಂಡಾರು ಅಂತ ಮನೆಯವರೇ ಜ್ವರ ಮಾಡಿದ್ದರು. "ಒಂದ ಕೌದ್ಯಾಗ ಮಲಗತಿದ್ವಿ" ಅಂದರು ವೈನಿ. "ನನಗೂ ಹೇಳಲಿಲ್ಲ. ಕಡೀ ದಿನಾ ಮುಂಜಾನೆ ಎದ್ದು ನಕ್ಕಳು. ಅಕ್ಕಾ ಆರಾಮ ಆತು, ಜಡಿ ಹಾಕ ಬಾ ಅಂದ್ಲು. ಅರ್ಧಾ ಜಡಿ ಹೆಣದಿದ್ದೆ, ನನ್ನ ತೊಡಿ ಮ್ಯಾಲ ವಾಲಿದ್ಲು. ಬ್ಯಾನಿ ನಿಲ್ಲೂದು ಅಂದ್ರ ಆರಾಮ ಆಗೂದಲ್ಲ. ಒಳಗ ಒಡದಿರತೈತಿ. ಆಗ ಸ್ವಲ್ಪ ಹೊತ್ತ ಸುಮ್ಮನಿರತೈತಿ. ಡಾಕ್ಟರ ಆಮ್ಯಾಲ ಹೇಳಿದ್ರು." ನನ್ನ ಮುಖ ನೋಡಿದರು. "ಆ ಹುಡುಗಿ ಮಠದಾಗ ಬಗ್ಗಿದ್ಲು. ಮನ್ಯಾಗ ನೆಟ್ಟಗ ನಿಂತಿದ್ಲು."

ಆಗ ನನಗೆ ತಿಳಿಯಿತು. ಹುಡುಗಿ ಆಣೆ ಇಟ್ಟು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಸುಳ್ಳಿನ ಹಾಗೆ ಕಾಣಲಿಲ್ಲ. ಬಸ್ಸು ಹೊರಟಿತು. ನಾನು ಕೈಚೀಲ ಎತ್ತಿಕೊಂಡೆ. ವೈನಿ ಆಗಲೇ ಓಡುತ್ತಿದ್ದರು. ನಲವತ್ತು ದಾಟಿದ ಹೆಂಗಸು, ಪೇಟೆಯ ನಡುವೆ, ಸೆರಗು ಜಾರಿದ್ದೂ ಗೊತ್ತಿಲ್ಲದೆ.

ಕದ ಬಡಿದೆವು. ಒಳಗಿನಿಂದ, "ಹೋಗ್ರಿ ಅಂದ್ನೆಲ್ಲಾ!" ಅಂತ ಇಂದ್ರವ್ವನ ದನಿ. ವೈನಿ ಮತ್ತೆ ಬಡಿಯಲಿಲ್ಲ. ಕಟ್ಟೆಯ ಮೇಲೆ ಕೂತು ಚೀಲದಿಂದ ತಮ್ಮ ಪ್ರತಿ ತೆಗೆದರು. ಕೊನೆಯ ಅಧ್ಯಾಯ ತೆರೆದರು. ನಡುಬೀದಿಯಲ್ಲಿ, ಗಟ್ಟಿಯಾಗಿ, ಶಟ್ಟೆವ್ವನನ್ನೂ ಮೀರಿಸುವ ಗಂಟಲಲ್ಲಿ ಓದಲು ಶುರು ಮಾಡಿದರು. ಆ ದನಿ ಅವರಿಗೆಲ್ಲಿತ್ತೋ ಶಿವನೇ ಬಲ್ಲ.

ಓಣಿಯ ಹೆಂಗಸರು ಒಬ್ಬೊಬ್ಬರೇ ಹೊರಗೆ ಬಂದರು. ಬಳಗದವರೂ ಇದ್ದರು. "ಏನ ಅಪಶಕುನ ಇದು, ಸಂಜೀಮುಂದ! ಬಾಯಿ ಮುಚ್ಚಸ್ರಿ ಆಕಿನ್ನ" ಅಂತ ಒಬ್ಬಳು ಕೂಗಿದಳು. ಮತ್ತೊಬ್ಬಳು ಆಗಲೇ ಚಪ್ಪಾಳೆ ತಟ್ಟಿ ಮಂಗಲದ ಹಾಡು ಎತ್ತಿದ್ದಳು. ನಾನು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ. "ಹಾಡಿದ್ರ ನೋಡ ಮತ್ತ!" ಅಂದೆ. ಜಗಳಕ್ಕೆ ನಿಂತರೆ ನಾನೇನು ಕಡಿಮೆಯವಳಲ್ಲ. ಅವಳು ನನ್ನ ಮುಖ ನೋಡಿ ಬಾಯಿ ಮುಚ್ಚಿದಳು.

ವೈನಿ ಓದುತ್ತಿದ್ದರು: "ಆ ದಿನ ಬೆಳಿಗ್ಗೆ ಮೃದುಲಾ ಎದ್ದಾಗ ನೋವು ನಿಂತಿತ್ತು. ಎಷ್ಟು ದಿನದ ನೋವು, ಒಮ್ಮೆಲೇ ನಿಂತುಬಿಟ್ಟಿತ್ತು. ಅವಳಿಗೆ ನಗು ಬಂತು. ಯಾರಿಗೂ ಹೇಳದೆ ಗೆದ್ದೆ ಅಂದುಕೊಂಡಳು. ಗೆದ್ದಿರಲಿಲ್ಲ. ಅವಳ ಹೊಟ್ಟೆಯೊಳಗೆ ಒಡೆಯಬಾರದ್ದು ಒಡೆದಿತ್ತು. ಆಗಲಾದರೂ ಒಂದು ಮಾತು ಹೇಳಿದ್ದರೆ..."

ಅಗಳಿ ಸರಿದ ಸಪ್ಪಳವಾಯಿತು.

ಭಾಗೀರಥಿ ಹೊಸ್ತಿಲಲ್ಲಿ ನಿಂತಿದ್ದಳು. ತಾಯಿ ಹಿಂದಿನಿಂದ ಅವಳ ರಟ್ಟೆ ಎಳೆಯುತ್ತಿದ್ದಳು. ಹುಡುಗಿ ವೈನಿಯ ಕಡೆ ನೋಡಲಿಲ್ಲ, ಓಣಿಯ ಅಷ್ಟೂ ಹೆಂಗಸರ ಮುಖ ನೋಡಿದಳು. "ಅವ್ವಾ" ಅಂದಳು ಎಲ್ಲರಿಗೂ ಕೇಳುವ ಹಾಗೆ. "ನನಗ ಹೊಟ್ಟಿಬ್ಯಾನಿ ಐತಿ. ಎಂಟ ದಿನಾ ಆತು. ಈಗ ಹೊತ್ತಿಳಿಯೂ ಮುಂದ ಒಮ್ಮೆಲೆ ನಿಂತೈತಿ. ನನಗ ಹೆದರಿಕಿ ಆಗಾಕತ್ತೈತಿ ಯವ್ವಾ."

ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೇನೋ ಅಂತ ನಾನು ಕಣ್ಣು ಕೆಂಪಗೆ ಮಾಡಿಕೊಂಡು ಕಾದೆ. ನೋಡಲಿಲ್ಲ. ಇಂದ್ರವ್ವ ಮಗಳ ಹಣೆ ಮುಟ್ಟಿದಳು, ಹೊಟ್ಟೆ ಮುಟ್ಟಿದಳು, ಹಲಗೆಯಂತೆ ಗಟ್ಟಿಯಾಗಿತ್ತಂತೆ. "ಎವ್ವಾ ನನ್ನ ಕೂಸ!" ಅಂತ ಅವಳು ಕೂಗಿದ ದನಿಗೆ ಪೇಟೆಯಿಂದಲೂ ಮಂದಿ ಓಡಿಬಂದರು. ಬಾಯಿ ಮುಚ್ಚಿಸಿರಿ ಅಂದಿದ್ದ ಹೆಂಗಸೇ ಅದೇ ಓಣಿಯ ಸುಭಾಸನ ಬಾಡಿಗೆಯ ಟ್ರ್ಯಾಕ್ಸ್ ಗಾಡಿ ಕರೆಯಲು ಓಡಿದಳು.

ಭಾಗೀರಥಿ ಬದುಕಿದಳು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೇಳುವವರನ್ನು ತೂಗುಹಾಕಿ ಮಜಾ ನೋಡುವ ಚಾಳಿ ನನಗಿಲ್ಲ. ಧಾರವಾಡದ ದವಾಖಾನೆಯಲ್ಲಿ ಆ ರಾತ್ರಿಯೇ ಹೊಟ್ಟೆ ಕೊಯ್ದರು. ತಿಂಗಳ ಮೇಲೆ ಮಲಗಿದ್ದಳು. ಕೊಂಚ ತಡವಾಗಿದ್ದರೂ ಕೈಗೆ ಸಿಗುತ್ತಿರಲಿಲ್ಲ ಅಂದರು ಡಾಕ್ಟರು. ಪರೀಕ್ಷೆ ತಪ್ಪಿತು. ವೈನಿ ಆಮೇಲೂ ಎರಡು ಪುಸ್ತಕ ಬರೆದರು. ಅವನ್ನು ಯಾವ ಬಳಗದವರು ಹೇಗೆ ಓದಿದರೋ ನಾನು ಕೇಳಲು ಹೋಗಲಿಲ್ಲ.

ಆದರೆ ಆ ಗಾಡಿಯೊಳಗಿನದು ಹೇಳಬೇಕು. ಅದನ್ನು ನಾನು ಅಣ್ಣನಿಗೂ ಹೇಳಿಲ್ಲ.

ಸವದತ್ತಿ ದಾಟುವಾಗ ಮತ್ತೆ ನೋವು ಶುರುವಾಯಿತು. ಈ ಸಲ ಇಡೀ ಹೊಟ್ಟೆ. ಹುಡುಗಿಯ ಮೈ ಕಾದ ಹಂಚು. ತಲೆ ತಾಯಿಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ, ವೈನಿ ಕೆಳಗೆ ಗಾಡಿಯ ಹಾಸಿನ ಮೇಲೆ ಮಂಡಿಯೂರಿ ಅವಳ ಕೈ ಹಿಡಿದಿದ್ದರು. ಇಂದ್ರವ್ವ ಗಾಡಿ ಕುಲುಕಿದಾಗೊಮ್ಮೆ ತುಟಿಯಲ್ಲೇ ದೇವರನ್ನು ನೆನೆಯುತ್ತಿದ್ದಳು. ಭಾಗೀರಥಿ ಕಣ್ಣು ತೆರೆದಳು.

"ಅಕ್ಕಾರ, ನಡಕ ನಿಲ್ಲಿಸಿಬಿಟ್ರಿ. ಮುಂದ ಏನಾತ್ರಿ?"

ಮೃದುಲಾ ಸತ್ತಳು ಅಂತ ವೈನಿ ಮಠದಲ್ಲೇ ಅವಳಿಗೆ ಹೇಳಿದ್ದರು. ಆದರೂ ಕೇಳಿದಳು. ವೈನಿ ನನ್ನ ಕಡೆ ನೋಡಿದರು. ಆ ಒಂದು ಅಧ್ಯಾಯಕ್ಕಾಗಿ ಎಷ್ಟು ಊರು ತಿರುಗಿ ಎಷ್ಟು ಜನರ ಕೂಡ ಜಗಳಾಡಿದ ಹೆಂಗಸು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ.

"ಮುಂದ ಆಕಿ ಅವ್ವಗ ಹೇಳಿದ್ಲು. ಎಲ್ಲಾರೂ ಕೂಡಿ ಗಾಡ್ಯಾಗ ಹಾಕ್ಕೊಂಡ ದವಾಖಾನಿಗೆ ಒಯ್ದ್ರು. ಡಾಕ್ಟರ ಬಂದು ಕೊಯ್ದು ಹೊಲದ್ರು. ಮರುದಿನಾ ಎದ್ದ ಕುಂತು ಹಸಿವಿ ಆಗೇತಿ ಅಂದ್ಲು."

"ಪರೀಕ್ಷಾ?"

"ಮುಂದಿನ ವರ್ಸ ಬರದ್ಲು."

"ಪಾಸಾದ್ಲೇನ್ರಿ?"

"ಹೂಂನವ್ವಾ, ಪಾಸಾದ್ಲು" ಅಂದರು ವೈನಿ, ತಂಗಿಯ ಹೆಸರು ಬಾಯಿಗೆ ಬಂದದ್ದನ್ನು ನುಂಗಿಕೊಂಡು. "ಕಣ್ಣ ಮುಚ್ಚಬ್ಯಾಡ. ಧಾರವಾಡ ಬಂತು."